ಮಾದರಿ ವಿಮಾನಗಳ ಚರಿತ್ರೆ

ನಮ್ಮ ಪುರಾಣಗಳಲ್ಲಿ ಅಶರೀರವಾಣಿಗೆ ಒಂದು ಸ್ಥಾನವುಂಟು. ಕಂಸನು ತಂಗಿಯ ಮದುವೆಯ ರಥವನ್ನು ತಾನೇ ನಡೆಸುತ್ತಿರುವಾಗ ಆಕಾಶದಿಂದ ಒಂದು ಮಾತು ಕೇಳಿಸುತ್ತದೆ. ಆಡಿದವರು ಯಾರೆಂದು ಕಾಣದು. ಆದರೆ ರಥವು ನಿಲ್ಲುತ್ತದೆ, ಕಥೆಯ ದಿಕ್ಕೇ ಬೇರೆಯಾಗುತ್ತದೆ. 1935ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ 30 ವಾಟ್ ಶಕ್ತಿಯ ಪುಟ್ಟ ಪ್ರೇಷಕಯಂತ್ರವೊಂದನ್ನು ಇಟ್ಟುಕೊಂಡು ಮಾತನ್ನೂ ಸಂಗೀತವನ್ನೂ ಊರಿಗೆ ಕೇಳಿಸತೊಡಗಿದರು. ಅದಕ್ಕೆ ಆಕಾಶವಾಣಿಯೆಂಬ ಹೆಸರು ಬಂದುದು ಎಷ್ಟೊಂದು ಸಹಜವಾಗಿ ತೋರುತ್ತದೆ! ಅದಾದ ಎರಡು ವರ್ಷಗಳಿಗೆ, 1937ರಲ್ಲಿ, ಅಮೆರಿಕದ ಮಿಷಿಗನ್ ಸಂಸ್ಥಾನದ ಕಲಮಜೂ ಎಂಬ ಊರಿನಲ್ಲಿ ಅವಳಿ ಸಹೋದರರಿಬ್ಬರು ಅಂಥವೇ ಕಾಣದ ಅಲೆಗಳ ಮೂಲಕ ಪುಟ್ಟ ವಿಮಾನವೊಂದಕ್ಕೆ ಆಜ್ಞೆಯನ್ನು ಕೊಟ್ಟರು. ನೆಲದ ಮೇಲೆ ಗುಂಡಿಯನ್ನು ಒತ್ತಿದಂತೆಲ್ಲಾ ಅದು ಆಕಾಶದಲ್ಲಿ ತಿರುಗಿತು. ಆ ಘಟನೆಯ ಹಿಂದುಮುಂದುಗಳೇ ನಮ್ಮ ಈ ಪ್ರಸಂಗದ ವಿಷಯ.

ಹುಡುಗರ ಆಟದ ಸಾಮಾನಿಗೆ ಚರಿತ್ರೆಯೆಂಬ ದೊಡ್ಡ ಹೆಸರೇಕೆ ಎಂದು ಕೆಲವರು ಕೇಳಬಹುದು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದೆಂಬ ಗಾದೆಯನ್ನು ಹೇಳಿ ತಪ್ಪಿಸಿಕೊಳ್ಳುವುದು ನಮಗೆ ಸುಲಭ. ಆದರೆ ಆ ಪ್ರಶ್ನೆಯನ್ನು ಹಗುರವಾಗಿ ಎಣಿಸಲಾಗದು. ಅದನ್ನೇ ಹಿಂದೆ ಪಂಡಿತರು ಕೇಳಿದರು. ಅವರ ನಗೆಯ ಬೆಲೆಯನ್ನು ಒಬ್ಬ ತರುಣನು ತನ್ನ ಪ್ರಾಣದಿಂದ ತೆತ್ತನು.

ಆತನ ಹೆಸರು ಆಲ್ಫಾನ್ಸ್ ಪೆನೋ. 1850ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದವನು. ನೌಕಾಸೇನಾಧಿಪತಿಯ ಮಗನಾದರೂ ಸೊಂಟದ ರೋಗದಿಂದ ನಡೆಯುವುದಕ್ಕೆ ಕಷ್ಟಪಡುತ್ತಿದ್ದುದರಿಂದ ನೌಕಾಸೇನೆ ಅವನ ಪಾಲಿಗೆ ಮುಚ್ಚಿದ ಬಾಗಿಲಾಯಿತು. ಅವನು ತನ್ನ ಬುದ್ಧಿಯನ್ನೆಲ್ಲಾ ಹಾರುವ ವಿದ್ಯೆಗೆ ತೊಡಗಿಸಿದನು. 1871ನೆಯ ಆಗಸ್ಟ್ 18ರಂದು ಪ್ಯಾರಿಸಿನ ಟ್ವಿಲೆರಿ ಉದ್ಯಾನದಲ್ಲಿ, ವಿದ್ವಾಂಸರ ಎದುರಿಗೆ, ಒಂದು ಮೊಳದಷ್ಟು ಅಗಲದ ರೆಕ್ಕೆಯುಳ್ಳ, 16 ಗ್ರಾಮ್ ತೂಕದ ಪುಟ್ಟ ವಿಮಾನವನ್ನು ಅವನು ಹಾರಿಸಿ ತೋರಿಸಿದನು. ಅದರ ಚಾಲಕಶಕ್ತಿ ಹುರಿಮಾಡಿದ ರಬ್ಬರಿನ ಎಳೆಗಳು. 11 ಸೆಕೆಂಡುಗಳಲ್ಲಿ ಅದು ಸುಮಾರು 40 ಮೀಟರು ದೂರ ಸಾಗಿತು. ದೂರಕ್ಕಿಂತಲೂ ಮುಖ್ಯವಾದುದು ಅದು ಸಾಗಿದ ರೀತಿ. ಬಾಲದ ಚಿಕ್ಕ ರೆಕ್ಕೆಯನ್ನು ಒಂದಿಷ್ಟು ಕೆಳಮುಖವಾಗಿ ಓರೆಮಾಡಿ, ದೊಡ್ಡ ರೆಕ್ಕೆಯ ತುದಿಗಳನ್ನು ಮೇಲಕ್ಕೆ ಬಾಗಿಸಿದ್ದುದರಿಂದ, ಗಾಳಿಯು ತಳ್ಳಿದರೂ ವಿಮಾನವು ತಾನಾಗಿ ನೆಟ್ಟಗಾಗುತ್ತಿತ್ತು. ಇಂದು ಪ್ರಯಾಣಿಕರನ್ನು ಹೊತ್ತು ಸಾಗುವ ವಿಮಾನಗಳ ಬಾಲವೂ ಇದೇ ತತ್ತ್ವವನ್ನು ಅನುಸರಿಸುತ್ತದೆ.

1876ರಲ್ಲಿ ಪೆನೋ, ಪಾಲ್ ಗೋಶೋ ಎಂಬುವನೊಡನೆ ಸೇರಿ, ಇಬ್ಬರನ್ನು ಹೊರುವ ವಿಮಾನಕ್ಕೆ ಪೇಟೆಂಟನ್ನು ಪಡೆದನು. ಅದು ನೀರಿನ ಮೇಲೂ ನೆಲದ ಮೇಲೂ ಇಳಿಯತಕ್ಕದ್ದು. ಚಕ್ರಗಳು ಒಳಕ್ಕೆ ಮಡಚಿಕೊಳ್ಳತಕ್ಕವು. ಒಂದೇ ಹಿಡಿಯಿಂದ ಎಲ್ಲ ಚುಕ್ಕಾಣಿಗಳೂ ನಡೆಯತಕ್ಕವು. ಐವತ್ತು ವರ್ಷ ಮುಂದಿನ ಯಂತ್ರವನ್ನು ಕಾಗದದ ಮೇಲೆ ಬರೆದಿಟ್ಟಂತಾಯಿತು. ಆದರೆ ಹಣವನ್ನು ಕೊಡುವವರು ದೊರೆಯಲಿಲ್ಲ. ಟೀಕೆಯನ್ನು ಮಾಡುವವರು ಬೇಕಾದಷ್ಟು ದೊರೆತರು. ತನ್ನ ನಕಾಶೆಗಳನ್ನು ಒಂದು ಪುಟ್ಟ ಶವಪೆಟ್ಟಿಗೆಯಲ್ಲಿಟ್ಟು, ತನಗೆ ಬೆಂಬಲ ಕೊಡಬಹುದಾಗಿದ್ದ ಆಂರಿ ಜಿಫಾರನ ಮನೆಗೆ ಒಪ್ಪಿಸಿ, 1880ರಲ್ಲಿ ಅವನು ಆತ್ಮಹತ್ಯೆಯನ್ನು ಮಾಡಿಕೊಂಡನೆಂದು ಚರಿತ್ರಕಾರರು ಬರೆದಿದ್ದಾರೆ. ಆಗ ಅವನಿಗೆ ಮೂವತ್ತು ವರ್ಷ.

ಆದರೆ ಪೆನೋನ ಆಟಿಕೆಗಳು ಅವನೊಡನೆ ಸಾಯಲಿಲ್ಲ. 1878ರಲ್ಲಿ ಅಮೆರಿಕದ ಪಾದ್ರಿಯೊಬ್ಬರು ಊರಿಂದ ಬರುವಾಗ ಪೆನೋನ ಮಾದರಿಯ, ರಬ್ಬರಿನಿಂದ ಮೇಲೇಳುವ ಆಟದ ಯಂತ್ರವೊಂದನ್ನು ತಮ್ಮ ಚಿಕ್ಕ ಮಕ್ಕಳಿಬ್ಬರಿಗೆ ತಂದುಕೊಟ್ಟರು. ಅವರು ಅದನ್ನು ಮುರಿಯುವವರೆಗೂ ಹಾರಿಸಿ, ಬಳಿಕ ತಾವೇ ಅಂಥವನ್ನು ಮಾಡಿದರು. ಆ ಮಕ್ಕಳು ವಿಲ್ಬರ್ ರೈಟ್ ಮತ್ತು ಆರ್ವಿಲ್ ರೈಟ್.

ಆಟಿಕೆಯನ್ನು ಕಡೆಗಣಿಸುವುದು ಒಂದು ತಪ್ಪು. ಅದನ್ನು ಮಿತಿಮೀರಿ ನಂಬುವುದು ಇನ್ನೊಂದು. ಈ ಎರಡನೆಯ ತಪ್ಪಿಗೆ ಸಿಕ್ಕಿದವರು ಸಾಮಾನ್ಯರಲ್ಲ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಕಾರ್ಯದರ್ಶಿಗಳಾಗಿದ್ದ ಸ್ಯಾಮುಯೆಲ್ ಲ್ಯಾಂಗ್ಲಿ. 1896ನೆಯ ಮೇ 6ರಂದು ಪೊಟೊಮಾಕ್ ನದಿಯಲ್ಲಿ ನಿಲ್ಲಿಸಿದ್ದ ಮನೆದೋಣಿಯ ಮಾಳಿಗೆಯಿಂದ ಅವರ ಐದನೆಯ ಯಂತ್ರವು ಹಾರಿತು. ಅದು ಆಳಿಲ್ಲದ ಮಾದರಿ. ಹದಿಮೂರು ಅಡಿಗಳಿಗೂ ಹೆಚ್ಚು ಅಗಲದ ರೆಕ್ಕೆ. ಒಳಗೆ ಪುಟ್ಟ ಉಗಿಯಂತ್ರ. ಸುಮಾರು 3,300 ಅಡಿ ಸುತ್ತಿಕೊಂಡು ಹೋಗಿ, ಉಗಿ ಮುಗಿದಮೇಲೆ ಮೆಲ್ಲಗೆ ನೀರಿನ ಮೇಲೆ ಇಳಿಯಿತು. ಅದನ್ನು ಎತ್ತಿ ಒರಸಿ ಅದೇ ದಿನ ಮತ್ತೊಮ್ಮೆ ಹಾರಿಸಿದರು. ಟೆಲಿಫೋನಿನ ಗ್ರಹಾಂ ಬೆಲ್ ಪಕ್ಕದಲ್ಲಿದ್ದು ಚಿತ್ರ ತೆಗೆದುಕೊಂಡರು.

ಮಾದರಿ ಹಾರಿದಮೇಲೆ ಅದನ್ನೇ ದೊಡ್ಡದು ಮಾಡಿದರೆ ಆಯಿತಲ್ಲವೆ? ಲ್ಯಾಂಗ್ಲಿಯವರು ಹಾಗೆಯೇ ಎಣಿಸಿದರು. 1903ರ ಅಕ್ಟೋಬರ್ 7ರಂದೂ ಡಿಸೆಂಬರ್ 8ರಂದೂ ಅವರ ದೊಡ್ಡ ಯಂತ್ರವು, ಒಳಗೆ ಮನುಷ್ಯನನ್ನು ಕೂರಿಸಿಕೊಂಡು, ಎರಡು ಸಲವೂ ನೇರವಾಗಿ ನದಿಗೆ ಬಿದ್ದಿತು. ಪತ್ರಿಕೆಗಳು ಹಾಸ್ಯಮಾಡಿದುವು. ಒಂಬತ್ತೇ ದಿನಗಳಮೇಲೆ, ಡಿಸೆಂಬರ್ 17ರಂದು, ರೈಟ್ ಸಹೋದರರು ಹಾರಿದರು.

ಇಲ್ಲಿ ಒಂದು ಲೆಕ್ಕವಿದೆ. ಯಾವ ವಸ್ತುವಿನದಾದರೂ ಉದ್ದವನ್ನು ಎರಡರಷ್ಟು ಮಾಡಿದರೆ ಅದರ ಮೈಹರವು ನಾಲ್ಕರಷ್ಟಾಗುತ್ತದೆ, ತೂಕವು ಎಂಟರಷ್ಟಾಗುತ್ತದೆ. ರೆಕ್ಕೆಯು ಹೊರುವುದು ಮೈಹರದಿಂದ; ಹೊರಬೇಕಾದುದು ತೂಕವನ್ನು. ಚಿಕ್ಕದರಲ್ಲಿ ಸಾಕಾದ ಕಡ್ಡಿಯು ದೊಡ್ಡದರಲ್ಲಿ ಬಾಗುತ್ತದೆ. ಇರುವೆಯನ್ನು ಆನೆಯಷ್ಟು ಬೆಳೆಸಿದರೆ ಅದರ ಕಾಲುಗಳು ಅದನ್ನು ಹೊರಲಾರವು. ಮಾದರಿಯು ಸುಳ್ಳು ಹೇಳುವುದಿಲ್ಲ; ತನ್ನ ಅಳತೆಯ ಸತ್ಯವನ್ನು ಮಾತ್ರ ಹೇಳುತ್ತದೆ.

ಇದೇ ಲೆಕ್ಕವು ನೀರಿನ ಮೇಲೆ ಇನ್ನೂ ಸ್ವಾರಸ್ಯವಾಗುತ್ತದೆ. ನೀರಿನಿಂದ ಏಳುವ ವಿಮಾನಕ್ಕೆ ಶತ್ರು ನೀರೇ. ದೋಣಿಯ ಅಡಿಯು ನುಣುಪಾಗಿ ಹಿಂದಿನವರೆಗೂ ಸಾಗಿದರೆ, ವೇಗ ಹೆಚ್ಚಿದಂತೆ ನೀರು ಅದನ್ನು ಕೆಳಕ್ಕೆ ಹೀರಿಕೊಂಡು ಬಿಡದೆ ಹಿಡಿಯುತ್ತದೆ. ಇದಕ್ಕೆ ಉಪಾಯವು ದೋಣಿಯ ಅಡಿಯಲ್ಲಿ ಒಂದು ಮೆಟ್ಟಿಲು. ಮೆಟ್ಟಿಲಿನ ಹಿಂದೆ ಗಾಳಿಯು ನುಗ್ಗಿ ನೀರಿನ ಹಿಡಿತ ಬಿಡುತ್ತದೆ. ದೋಣಿಯು ಮುಂಭಾಗದ ಮೇಲೆ ಜಾರತೊಡಗುತ್ತದೆ. ಈ ಉಪಾಯವನ್ನು 1872ರಲ್ಲೇ ಹೇಳಿದವನು ರೇಮಸ್ ಎಂಬ ಇಂಗ್ಲಿಷ್ ಪಾದ್ರಿ. ನೌಕಾಖಾತೆಯವರು ಅದನ್ನು ವಿಲಿಯಂ ಫ್ರೂಡನಿಗೆ ಒಪ್ಪಿಸಿದರು. ಆತನು ಮಾದರಿಗಳನ್ನು ತೊಟ್ಟಿಯಲ್ಲಿ ಎಳೆದು ನೋಡಿ, ಅಂದಿನ ಭಾರವಾದ ಉಗಿಹಡಗುಗಳಿಗೆ ಇದರಿಂದ ಲಾಭವಿಲ್ಲವೆಂದು ವರದಿಮಾಡಿದನು. ತೀರ್ಪು ಸರಿಯೆ; ಉಪಾಯವು ಹಗುರವಾದ ಎಂಜಿನಿಗಾಗಿ ಕಾದುಕೊಂಡಿತು. 1910ನೆಯ ಮಾರ್ಚ್ 28ರಂದು ಫ್ರಾನ್ಸಿನ ಮಾರ್ತೀಗ್ ಬಳಿಯ ಬೆರ್ ಸರೋವರದಿಂದ ಆಂರಿ ಫಾಬ್ರ್ ಎಂಬ ಎಂಜಿನಿಯರು 50 ಅಶ್ವಶಕ್ತಿಯ ಎಂಜಿನಿನಿಂದ ನೀರನ್ನು ಬಿಟ್ಟು ಮೇಲೆದ್ದನು. ಅದಕ್ಕೆ ಮೊದಲು ಅವನು ವಿಮಾನವನ್ನು ನಡೆಸಿದವನೇ ಅಲ್ಲ. 1912ರಲ್ಲಿ ಅಮೆರಿಕದ ಗ್ಲೆನ್ ಕರ್ಟಿಸನ ಹಾರುದೋಣಿಯು ನೀರಿಗೆ ಅಂಟಿಕೊಂಡು ಏಳದೆಹೋದಾಗ, ಅಡಿಗೆ ಮೆಟ್ಟಿಲನ್ನು ಕೂಡಿಸಿದಮೇಲೆ ಎದ್ದಿತು.

ನಮ್ಮ ದೇಶದ ಹಿರಿಯರಲ್ಲಿ ಕೆಲವರು ಇಂಥ ಹಾರುದೋಣಿಯನ್ನು ಕಣ್ಣಾರೆ ಕಂಡಿದ್ದರು. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆಗೆ, ಯುದ್ಧದ ಕಾಲದಲ್ಲಿ ಕ್ಯಾಟಲೀನಾ ಎಂಬ ಹಾರುದೋಣಿಗಳು ದುರಸ್ತಿಗಾಗಿ ಬರುತ್ತಿದ್ದುವು. ಅವು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯಲ್ಲಿ. ಗದ್ದೆಗೆ ನೀರು ಬಿಡುವ ಕೆರೆಯು ಕೆಲವು ಕಾಲ ವಿಮಾನದ ಬಂದರಾಯಿತು.

ಆ ಕ್ಯಾಟಲೀನಾದ ಪಡಿಯಚ್ಚನ್ನು ಹನ್ನೆರಡನೆಯ ಒಂದರ ಅಳತೆಯಲ್ಲಿ ಮಾಡುವೆವೆಂದು ಇಟ್ಟುಕೊಳ್ಳೋಣ. ನಿಜವಾದುದರ ರೆಕ್ಕೆಯ ಅಗಲ 104 ಅಡಿ. ಮಾದರಿಯದು 8 ಅಡಿ 8 ಅಂಗುಲ. ತೂಕವನ್ನು 1,728ರಿಂದ ಭಾಗಿಸಬೇಕು; 35,000 ಪೌಂಡು 20 ಪೌಂಡಿಗೆ ಇಳಿಯುತ್ತದೆ. ವೇಗಕ್ಕೆ ಫ್ರೂಡನ ನಿಯಮ: ಹನ್ನೆರಡರ ವರ್ಗಮೂಲದಿಂದ ಭಾಗಿಸಬೇಕು, ಗಂಟೆಗೆ 125 ಮೈಲಿ 36 ಮೈಲಿಯಾಗುತ್ತದೆ. ಆಗ ಮಾದರಿಯು ಹಾರುವಾಗ ಹಿರಿಯದರ ಗಾಂಭೀರ್ಯವೇ ಬರುತ್ತದೆ. ಇದಕ್ಕಿಂತ ಭಾರವಾದರೆ ಸೊಳ್ಳೆಯಂತೆ ಧಾವಿಸಬೇಕಾಗುತ್ತದೆ. ಆದರೆ ಕೆರೆಯು ನಮ್ಮ ಲೆಕ್ಕವನ್ನು ಕೇಳುವುದಿಲ್ಲ. ಮೂರು ಅಂಗುಲದ ಅಲೆ ನಮ್ಮ ಕಣ್ಣಿಗೆ ಅಲೆಯೇ ಅಲ್ಲ. ಈ ಮಾದರಿಗೆ ಅದು ಮೂರು ಅಡಿಯ ಅಲೆ. ಅನುಭವಸ್ಥರು ಮೆಟ್ಟಿಲನ್ನು ಗುರುತ್ವಕೇಂದ್ರಕ್ಕಿಂತ ತುಸುವೇ ಹಿಂದಕ್ಕೆ ಇಡುತ್ತಾರೆ. ಹೆಚ್ಚು ಹಿಂದಾದರೆ ಮೂಗು ಮೇಲೇಳದು. ಮುಂದಾದರೆ ವಿಮಾನವು ಮೀನಿನಂತೆ ಮೇಲೆಕೆಳಗೆ ಕುಪ್ಪಳಿಸುವುದು. ಮರದ ಸಂದುಗಳಿಗೆಲ್ಲಾ ಬಣ್ಣವನ್ನು ಕುಡಿಸಿ ನೀರು ಒಳಗಿಳಿಯದಂತೆ ಮಾಡಬೇಕು. ಇದಿಷ್ಟೂ ಆದಮೇಲೆ ಗಾಳಿಯ ಮರ್ಜಿ.

ಇನ್ನು ನಿಸ್ತಂತುವಿನ ಮಾತು. ಕಾಣದ ಅಲೆಗಳಿಂದ ಯಂತ್ರವನ್ನು ನಡೆಸಬಹುದೆಂದು ಮೊದಲು ಜನರಿಗೆ ತೋರಿಸಿಕೊಟ್ಟ ನಿಕೋಲಾ ಟೆಸ್ಲಾ ಅದನ್ನು ತೋರಿಸಿದುದೂ ನೀರಿನ ಮೇಲೆಯೇ: 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ, ತೊಟ್ಟಿಯಲ್ಲಿ ತೇಲಿಬಿಟ್ಟ ಪುಟ್ಟ ದೋಣಿಯಿಂದ. ದೋಣಿಯು ಬ್ಯಾಟರಿಯ ಭಾರವನ್ನು ಹೊರಬಲ್ಲುದು. ವಿಮಾನಕ್ಕೆ ಆ ಭಾಗ್ಯವಿಲ್ಲ. ಅದಕ್ಕಾಗಿ ಸುಮಾರು ನಲವತ್ತು ವರ್ಷ ಕಾಯಬೇಕಾಯಿತು. ಈ ನಡುವೆ ಪೆಟ್ರೋಲ್ ಎಂಜಿನುಗಳುಳ್ಳ ಮಾದರಿಗಳು ಬಂದುವು; ಬಿಟ್ಟಮೇಲೆ ಅವು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ತಿಂಗಳುಗಟ್ಟಲೆ ದುಡಿದು ಮಾಡಿದ ವಿಮಾನವು ಹೊಲಗದ್ದೆಗಳನ್ನು ದಾಟಿ ಹೋಗುತ್ತಿರುವುದನ್ನು ಮಾಡಿದವನು ನಿಂತು ನೋಡಬೇಕಾಗಿತ್ತು.

ಕಲಮಜೂ ಅವಳಿಗಳಲ್ಲಿ ವಾಲ್ಟರ್ ಗುಡ್ ವಿಮಾನವನ್ನು ಕಟ್ಟಿದನು. ವಿಲಿಯಂ ಗುಡ್ ನಿಸ್ತಂತು ಹವ್ಯಾಸಿ, ಯಂತ್ರವನ್ನು ರಚಿಸಿದನು. ಎಂಟು ಅಡಿ ಅಗಲದ ಆ ವಿಮಾನಕ್ಕೆ ಗಫ್ ಎಂದು ಹೆಸರಿಟ್ಟರು. ಚುಕ್ಕಾಣಿಯನ್ನು ಎಳೆಯುವ ಬಲವನ್ನು ಕೊಟ್ಟುದು, ಆಶ್ಚರ್ಯ, ಪೆನೋನ ಅದೇ ಹುರಿಮಾಡಿದ ರಬ್ಬರು. ಗಡಿಯಾರದಲ್ಲಿರುವಂಥ ತಡೆಹಲ್ಲೊಂದು ಆ ರಬ್ಬರನ್ನು ಬಿಚ್ಚಿಕೊಳ್ಳದಂತೆ ಹಿಡಿದಿರುತ್ತದೆ. ನೆಲದಿಂದ ಸಂಕೇತ ಬಂದಾಗ ಹಲ್ಲು ಒಂದು ಹೆಜ್ಜೆ ಬಿಡುತ್ತದೆ, ಚುಕ್ಕಾಣಿಯು ಬಲಕ್ಕೆ, ಮತ್ತೊಂದು ಹೆಜ್ಜೆ, ನಡುವಿಗೆ, ಇನ್ನೊಂದು, ಎಡಕ್ಕೆ. ಇಂಥ ಏರ್ಪಾಡಿನಲ್ಲಿ ನಡೆಸುವವನು ಹಿಂದಿನ ತಿರುಗು ಯಾವ ಕಡೆಗೆಂಬುದನ್ನು ಮರೆತನೋ, ವಿಮಾನವು ಹೋಯಿತೆಂದೇ ತಿಳಿಯಬೇಕು. ಆದರೂ ಗಫ್ ಕಳೆದುಹೋಗಲಿಲ್ಲ. 1940ರಲ್ಲಿಯೂ 1947ರಲ್ಲಿಯೂ ಅಮೆರಿಕದ ರಾಷ್ಟ್ರೀಯ ಪಂದ್ಯಗಳಲ್ಲಿ ಗೆದ್ದಿತು. 1960ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯನ್ನು ಸೇರಿತು. ಲ್ಯಾಂಗ್ಲಿಯವರು ದುಡಿದ ಸಂಸ್ಥೆಯೂ ಅದೇ.

ಆಟಕ್ಕೆ ಒಂದು ಕಹಿ ಮುಖವೂ ಉಂಟು. ಹಾಲಿವುಡ್ಡಿನ ನಟ ರೆಜಿನಾಲ್ಡ್ ಡೆನಿ ಮಾದರಿ ವಿಮಾನಗಳ ಅಂಗಡಿಯನ್ನಿಟ್ಟವನು. ಎರಡನೆಯ ಮಹಾಯುದ್ಧದಲ್ಲಿ ಅವನ ಕಂಪೆನಿಯು ಸೈನಿಕರ ಗುರಿಯ ಅಭ್ಯಾಸಕ್ಕಾಗಿ ನಿಸ್ತಂತುವಿನಿಂದ ಹಾರುವ ವಿಮಾನಗಳನ್ನು ಸಾವಿರಾರು ಸಂಖ್ಯೆಯಲ್ಲಿ ಮಾಡಿತು. ಗುಂಡಿಗೆ ಗುರಿಯಾಗಿದ್ದ ಯಂತ್ರದ ವಂಶದವರು ಈಗ ತಾವೇ ಬಾಂಬನ್ನು ಹೊತ್ತು ಹೋಗುತ್ತಿರುವುದನ್ನು ನಾವು ಪತ್ರಿಕೆಗಳಲ್ಲಿ ಓದುತ್ತಿದ್ದೇವೆ. ಅಶರೀರವಾಣಿಯು ಕಂಸನ ಕಿವಿಗೂ ಬೀಳುತ್ತದೆ.

ಯುದ್ಧಾನಂತರ ವಾಲ್ವುಗಳು ಹೋಗಿ ಟ್ರಾನ್ಸಿಸ್ಟರುಗಳು ಬಂದುವು. ಕೈ ಎಷ್ಟು ಸರಿದರೆ ಚುಕ್ಕಾಣಿಯೂ ಅಷ್ಟೇ ಸರಿಯುವ ಏರ್ಪಾಡಾಯಿತು. ಈಗಿನ ಯಂತ್ರಗಳು 2.4 ಗಿಗಾಹರ್ಟ್ಸ್ ಅಲೆಗಳಲ್ಲಿ, ಒಬ್ಬರ ಸಂಕೇತ ಇನ್ನೊಬ್ಬರದಕ್ಕೆ ತೊಡಕಾಗದಂತೆ ಮಾತಾಡಿಕೊಳ್ಳುತ್ತವೆ. ಕಷ್ಟ ಕಡಮೆಯಾಯಿತು, ವಿಮಾನವನ್ನು ಕೈಯಿಂದ ಬಿಡುವ ಗಳಿಗೆಯ ಎದೆಬಡಿತ ಮಾತ್ರ ಹಾಗೆಯೇ ಉಳಿದಿದೆ.

ಒಂದು ಘಟನೆಯನ್ನು ಹೇಳಿ ಮುಗಿಸುತ್ತೇವೆ. ವಾಲ್ಟರ್ ಗುಡ್ ಕೆಲಸಮಾಡಿದ ಜಾನ್ಸ್ ಹಾಪ್ಕಿನ್ಸ್ ಪ್ರಯೋಗಾಲಯದಲ್ಲಿಯೇ ಮೇನಾರ್ಡ್ ಹಿಲ್ ಎಂಬ ಲೋಹಶಾಸ್ತ್ರಜ್ಞರಿದ್ದರು. ನಿವೃತ್ತರಾದ ಬಳಿಕ, ಕಣ್ಣು ಬಹುಮಟ್ಟಿಗೆ ಕಾಣದಾಗಿ, ಕಿವಿಯೂ ಮಂದವಾಗಿದ್ದಾಗ, ಬಾಲ್ಸಾ ಮರದ ಮಾದರಿಯೊಂದನ್ನು ಅಟ್ಲಾಂಟಿಕ್ ಸಾಗರದ ಆಚೆಗೆ ಕಳುಹಿಸಬೇಕೆಂದು ಅವರು ಹೊರಟರು. ಹಿಂದಿನ ಪ್ರಯತ್ನಗಳೆಲ್ಲವೂ ವಿಫಲವಾದುವು. 2003ನೆಯ ಆಗಸ್ಟ್ 9ರಂದು ನ್ಯೂಫೌಂಡ್‌ಲೆಂಡಿನ ಕೇಪ್ ಸ್ಪಿಯರಿನಿಂದ, ಇಂಧನವೂ ಸೇರಿ ಐದು ಕಿಲೋಗ್ರಾಮ್ ಮೀರದ ಐದನೆಯ ವಿಮಾನವನ್ನು ಬಿಟ್ಟರು. ನೆಲದ ನಿಸ್ತಂತುವಿನ ಎಲ್ಲೆ ದಾಟಿದಮೇಲೆ ಅದರೊಳಗಿನ ಸ್ವಯಂಚಾಲಕವೇ ದಾರಿ ನೋಡಿಕೊಳ್ಳಬೇಕಾಗಿತ್ತು. 38 ಗಂಟೆ 52 ನಿಮಿಷಗಳಮೇಲೆ, ಸುಮಾರು 3,030 ಕಿಲೋಮೀಟರು ಕಳೆದು, ಅದು ಐರ್ಲೆಂಡಿನ ಮ್ಯಾನಿನ್ ಕೊಲ್ಲಿಯ ಮೇಲೆ ಕಾಣಿಸಿಕೊಂಡಿತು. ಅಲ್ಲಿ ಕಾದಿದ್ದ ಗೆಳೆಯನು ನಿಸ್ತಂತುವನ್ನು ಹಿಡಿದು ಇಳಿಸಿದನು. 1919ರಲ್ಲಿ ಅಲ್ಕಾಕ್ ಮತ್ತು ಬ್ರೌನ್ ಅಟ್ಲಾಂಟಿಕನ್ನು ದಾಟಿ ಇಳಿದುದೂ, ಮಾರ್ಕೋನಿಯ ದೊಡ್ಡ ನಿಸ್ತಂತು ಠಾಣೆಯಿದ್ದುದೂ ಅದೇ ಕ್ಲಿಫ್ಡೆನ್ ಪ್ರಾಂತದಲ್ಲಿಯೇ. ಹಿಲ್ ಅವರಿಗೆ ಆಗ 77 ವರ್ಷ. ಸಾಗರದ ಈಚೆಯ ದಡದಲ್ಲಿ ಕುಳಿತಿದ್ದ ಅವರು ತಮ್ಮ ವಿಮಾನ ಇಳಿದುದನ್ನು ಕಾಣಲಿಲ್ಲ. ಇಳಿಯಿತೆಂಬ ಸುದ್ದಿಯನ್ನು ಕೇಳಿದರು.

ಮನೆಯ ಹುಡುಗನು ಮುರಿದ ರೆಕ್ಕೆಯೊಂದನ್ನು ಹಿಡಿದುಕೊಂಡು ಅಂಟನ್ನು ಕೇಳುವುದಕ್ಕೆ ಬಂದಾಗ, ಓದಿನ ಹೊತ್ತಿನಲ್ಲಿ ಇದೇನು ಹುಚ್ಚಾಟವೆಂದು ಗದರಿಸುವ ಮುನ್ನ, ಪ್ಯಾರಿಸಿನ ಆ ಪುಟ್ಟ ಪೆಟ್ಟಿಗೆಯನ್ನು ನಾವು ಒಮ್ಮೆ ನೆನೆದುಕೊಂಡರೆ ಒಳ್ಳೆಯದು.