ಒಂಟೆತ್ತಿನ ಬೆಲೆ, ಜೋಡಿಯ ಬೆಲೆ: ಆಟಗಾರರ ಮೌಲ್ಯ ಕಟ್ಟುವ ಪದ್ಧತಿಗಳ ಚರಿತ್ರೆ, ಹಾಸನ ಸೀಮೆಯಿಂದ ಒಂದು ನೋಟ

ಪೀಠಿಕೆ

ಸುಗ್ಗಿ ಮುಗಿದು ಗದ್ದೆ ಬಯಲಾದರೆ ಹಾಸನ ಸೀಮೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ಟಿನ ಕಾಲ. ಐಪಿಎಲ್ ಬಂದ ಮೇಲೆ ರಾಜ್ಯದ ಉಳಿದ ಕಡೆಯಂತೆ ಇಲ್ಲಿನ ಪಂದ್ಯಾವಳಿಗಳಿಗೂ ‘ಪ್ರೀಮಿಯರ್ ಲೀಗ್’ ಎಂಬ ಬಾಲ ಅಂಟಿತು, ಅದರ ಹಿಂದೆಯೇ ಹರಾಜೂ ಬಂತು. ಪ್ರತಿ ತಂಡಕ್ಕೂ ಇಷ್ಟು ಪಾಯಿಂಟ್ಸ್, ಪ್ರತಿ ಆಟಗಾರನಿಗೂ ಒಂದು ಬೇಸ್ ಪ್ರೈಸ್, ಮೂರು ಸಲ ಕೂಗಿ ಮೇಜು ಕುಟ್ಟಿದರೆ ಆಳು ತಂಡಕ್ಕೆ. ಹೊಸ ಆಟವೆಂದು ತೋರುವ ಈ ಪದ್ಧತಿಗೆ ಎರಡು ಬೇರುಗಳಿವೆ. ಒಂದು ಅಮೆರಿಕದ ಫ್ಯಾಂಟಸಿ ಬೇಸ್‌ಬಾಲ್. ಇನ್ನೊಂದು ಇದೇ ಸೀಮೆಯ ಜಾತ್ರೆ ಮಾಳ. ಯಾವ ಆಟಗಾರನಿಗೂ ತನ್ನಷ್ಟಕ್ಕೆ ತಾನೇ ಬೆಲೆಯಿಲ್ಲ. ಅವನು ಸಿಗದಿದ್ದರೆ ಸಿಗುವವನು ಯಾರು ಎಂಬುದೇ ಬೆಲೆಯ ಬುಡ ಎಂಬುದು ಈ ಲೇಖನದ ವಾದ.

ಜಾತ್ರೆ ಮಾಳದ ಲೆಕ್ಕ

ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ರಂಗನಾಥಸ್ವಾಮಿ ಜಾತ್ರೆ ರಾಸುಗಳಿಗೆ ಹೆಸರಾದದ್ದು. ಅಲ್ಲಿ ಹಳ್ಳಿಕಾರ್ ಎತ್ತು ಕೊಳ್ಳಲು ಬಂದ ರೈತ ಮೊದಲು ತುಟಿ ಎತ್ತಿ ಹಲ್ಲು ನೋಡುತ್ತಾನೆ: ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿದ್ದೋ. ಆಮೇಲೆ ಮೈಮೇಲಿನ ಸುಳಿ, ಕೊಂಬಿನ ತಿರುವು, ಗೊರಸು, ನಡಿಗೆ. ಇದು ಗುಣಗಳ ಪಟ್ಟಿ. ಬೆಲೆ ಇನ್ನೂ ಹುಟ್ಟಿಲ್ಲ. ‘ನಮ್ಮನೇಲಿ ಇರೋದಕ್ಕೆ ಇದು ಜೊತೆ ಆಗ್ತದಾ?’ ಎಂಬ ಪ್ರಶ್ನೆಯಲ್ಲಿ ಬೆಲೆ ಹುಟ್ಟುತ್ತದೆ. ಎತ್ತರ, ಬಣ್ಣ, ಕೊಂಬು ಸರಿಹೊಂದಿದ ಜೋಡಿಗೆ ಎರಡು ಒಂಟೆತ್ತುಗಳ ಒಟ್ಟು ಬೆಲೆಗಿಂತ ಹೆಚ್ಚು ಸಿಗುತ್ತದೆ. ಮನೆಯಲ್ಲಿ ಒಂದು ಎತ್ತು ಸತ್ತು ಇನ್ನೊಂದು ಉಳಿದವನು ಅದರ ಜೊತೆಗಾರನಿಗೆ ಕೊಡುವ ಹಣವನ್ನು ಮಿಕ್ಕ ಯಾರೂ ಕೊಡುವುದಿಲ್ಲ. ಅದಕ್ಕೇ ದಲ್ಲಾಳಿ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾನೆ. ಒಬ್ಬನ ಗರಜು ಇನ್ನೊಬ್ಬನ ಕಣ್ಣಿಗೆ ಬೀಳಬಾರದು.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಬೇಲುಗಳಿಗೆ ಗ್ರೇಡ್ ಇದೆ, ಬಹಿರಂಗ ಪೈಪೋಟಿ ಇದೆ. ಆದರೂ ಒಂದೇ ಗ್ರೇಡಿನ ಬೇಲಿಗೆ ಒಂದೊಂದು ದಿನ ಒಂದೊಂದು ದರ. ಗುಣ ಬೇರೆ, ಬೆಲೆ ಬೇರೆ ಎಂಬುದು ಈ ಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ನ್ಯೂಯಾರ್ಕಿನ ಊಟದ ಮೇಜು

1960ರಲ್ಲಿ ಸಮಾಜಶಾಸ್ತ್ರಜ್ಞ ವಿಲಿಯಂ ಗ್ಯಾಮ್ಸನ್ ಗೆಳೆಯರನ್ನು ಕೂಡಿಸಿಕೊಂಡು ನಿಜವಾದ ಬೇಸ್‌ಬಾಲ್ ಆಟಗಾರರನ್ನು ಕಾಗದದ ಮೇಲೆ ಕೊಳ್ಳುವ ಒಂದು ಆಟ ಶುರುಮಾಡಿದರು. ಅದರಲ್ಲಿ ಆಡಿದ್ದ ಇತಿಹಾಸದ ಪ್ರಾಧ್ಯಾಪಕ ರಾಬರ್ಟ್ ಸ್ಕ್ಲಾರ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ತಮ್ಮ ವಿದ್ಯಾರ್ಥಿ ಡೇನಿಯಲ್ ಓಕ್ರೆಂಟ್ ಅವರಿಗೆ ಅದರ ಸುದ್ದಿ ಹೇಳಿದರು. ಓಕ್ರೆಂಟ್ 1979ರ ಕೊನೆಯಲ್ಲಿ ಹೊಸ ನಿಯಮ ಬರೆದರು. 1980ರಲ್ಲಿ ಮೊದಲ ಹರಾಜು ನಡೆಯಿತು. ಗೆಳೆಯರು ಊಟಕ್ಕೆ ಸೇರುತ್ತಿದ್ದ ನ್ಯೂಯಾರ್ಕಿನ ‘ಲಾ ರೊಟಿಸ್ಸರಿ ಫ್ರಾನ್ಸೇಸ್’ ಎಂಬ ಹೋಟೆಲಿನ ಹೆಸರೇ ಆಟಕ್ಕೂ ನಿಂತು ‘ರೊಟಿಸ್ಸರಿ ಬೇಸ್‌ಬಾಲ್’ ಆಯಿತು.

ಆಳು ಆರಿಸುವ ದಾರಿ ಎರಡಾದವು. ಒಂದು ಸರದಿಯ ಆಯ್ಕೆ: ಮೊದಲ ಸುತ್ತಿನಲ್ಲಿ ಒಂದರಿಂದ ಹನ್ನೆರಡು, ಮುಂದಿನ ಸುತ್ತಿನಲ್ಲಿ ಹನ್ನೆರಡರಿಂದ ಒಂದು. ನಮ್ಮ ಶಾಲೆ ಬಯಲಿನಲ್ಲಿ ಇಬ್ಬರು ಕ್ಯಾಪ್ಟನ್ನುಗಳು ಒಬ್ಬೊಬ್ಬರನ್ನೇ ಕರೆದುಕೊಳ್ಳುವುದೂ ಇದೇ. ಇನ್ನೊಂದು ಹರಾಜು: ತಂಡಕ್ಕೆ 260 ಡಾಲರ್, ಅದರಲ್ಲಿ 23 ಆಟಗಾರರು ಎಂಬ ಅಳತೆ ಕ್ರಮೇಣ ರೂಢಿಗೆ ಬಂತು. ಸರದಿಯಲ್ಲಿ ‘ಯಾರು ಮೇಲು’ ಎಂದು ತಿಳಿದರೆ ಸಾಕು. ಹರಾಜಿನಲ್ಲಿ ‘ಎಷ್ಟು ಮೇಲು’ ಎಂದು ತಿಳಿಯಬೇಕು. ಮೌಲ್ಯ ಕಟ್ಟುವ ಗಣಿತ ಬೆಳೆದದ್ದು ಈ ‘ಎಷ್ಟು’ ಎಂಬುದರ ಬೆನ್ನು ಹತ್ತಿ.

ಸೂತ್ರಗಳ ಕಾಲ

ಮೊದಮೊದಲು ಬೆಲೆ ಕಟ್ಟುತ್ತಿದ್ದದ್ದು ಅಂದಾಜಿನಿಂದ. ತೊಡಕೆಂದರೆ, ತಂಡಗಳಿಗೆ ಅಂಕ ತರುವ ಹೋಮ್ ರನ್, ಕದ್ದ ಬೇಸ್, ಬ್ಯಾಟಿಂಗ್ ಸರಾಸರಿ ಎಂಬ ಬೇರೆ ಬೇರೆ ವಿಭಾಗಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಇದಕ್ಕೆ ಮೂರು ಉತ್ತರಗಳು ಬಂದವು. ಒಂದು, ಅಂಕಪಟ್ಟಿಯಲ್ಲಿ ಒಂದು ಮೆಟ್ಟಿಲು ಏರಲು ಎಷ್ಟು ಹೋಮ್ ರನ್ ಬೇಕು, ಎಷ್ಟು ಕದ್ದ ಬೇಸ್ ಬೇಕು ಎಂದು ಹಳೆಯ ವರ್ಷಗಳ ಪಟ್ಟಿಗಳಿಂದ ತೆಗೆದು, ಆಟಗಾರನ ಸಾಧನೆಯನ್ನು ಆ ಮೆಟ್ಟಿಲುಗಳಲ್ಲಿ ಎಣಿಸುವುದು; 1990ರ ದಶಕದಲ್ಲಿ ಆರ್ಟ್ ಮೆಗೀ ಅವರ ಕೈಪಿಡಿ ಇದನ್ನು ಪ್ರಚುರಪಡಿಸಿತು. ಎರಡು, ಪ್ರತಿ ವಿಭಾಗದಲ್ಲೂ ಆಟಗಾರ ಸರಾಸರಿಯಿಂದ ಎಷ್ಟು ಮಾನಕ ವಿಚಲನೆ (ಸ್ಟ್ಯಾಂಡರ್ಡ್ ಡೀವಿಯೇಷನ್) ಮೇಲಿದ್ದಾನೆ ಎಂದು ನೋಡಿ ಕೂಡುವುದು. ಮೂರು, ಕೀತ್ ವೂಲ್ನರ್ ಅವರ ಹೆಸರಿನೊಂದಿಗೆ ಬೆಸೆದುಕೊಂಡ ‘ಬದಲಿ ಆಟಗಾರನ ಮಟ್ಟ’: ಸುಲಭವಾಗಿ ಸಿಗುವ ಬದಲಿಗನಿಗಿಂತ ಇವನು ಎಷ್ಟು ಹೆಚ್ಚು ಎಂಬುದಷ್ಟೇ ಲೆಕ್ಕ.

ಮೂರನೆಯದೇ ಉಳಿದವಕ್ಕೂ ಅಡಿಪಾಯ. 12 ತಂಡಗಳಿಗೆ ತಲಾ 260 ಡಾಲರಿನಂತೆ ಒಟ್ಟು 3120. ಕೊಳ್ಳಬೇಕಾದವರು 276 ಜನ, ಕನಿಷ್ಠ ಬೆಲೆ ತಲೆಗೊಂದು ಡಾಲರ್. ಉಳಿಯುವ 2844 ಡಾಲರನ್ನು ಬದಲಿಗನ ಮಟ್ಟದ ಮೇಲಿನ ಸಾಧನೆಗೆ ಹಂಚಬೇಕು. ಸೂತ್ರ ಏನೇ ಇರಲಿ, ಎಲ್ಲರ ಬೆಲೆ ಕೂಡಿದರೆ ಎಲ್ಲ ತಂಡಗಳ ಚೀಲದಲ್ಲಿರುವ ಹಣದಷ್ಟೇ ಆಗಬೇಕು.

ಭಾರತಕ್ಕೆ ಬಂದ ಹರಾಜು

2008ರ ಫೆಬ್ರುವರಿ 20ರಂದು ಮುಂಬೈಯಲ್ಲಿ ಮೊದಲ ಐಪಿಎಲ್ ಹರಾಜು ನಡೆಯಿತು. ತಂಡದ ಚೀಲ 50 ಲಕ್ಷ ಡಾಲರ್. ಧೋನಿ 15 ಲಕ್ಷ ಡಾಲರಿಗೆ ಚೆನ್ನೈಗೆ ಹೋದರು. ಬೆಂಗಳೂರಿನ ಐಕಾನ್ ಆಟಗಾರ ರಾಹುಲ್ ದ್ರಾವಿಡ್ ಹರಾಜಿಗೇ ಬರಲಿಲ್ಲ. ಐಕಾನ್‌ಗೆ ತಂಡದ ಅತಿ ದುಬಾರಿ ಆಟಗಾರನಿಗಿಂತ ಶೇ 15 ಹೆಚ್ಚು ಎಂಬುದು ನಿಯಮ. ಈ ಸೀಮೆಯ ಇಬ್ಬರು ವೇಗಿಗಳ ಕಾಲ ಹರಾಜಿಗೆ ಮೊದಲೇ ಮುಗಿದಿತ್ತು: ಹಾಸನ ಜಿಲ್ಲೆಯ ಜಾವಗಲ್ ಮೂಲದ ಶ್ರೀನಾಥ್ ಅಷ್ಟರಲ್ಲಿ 236 ಟೆಸ್ಟ್ ವಿಕೆಟ್ ಪಡೆದು ನಿವೃತ್ತರಾಗಿದ್ದರು. ಅರಸೀಕೆರೆಯಲ್ಲಿ ಹುಟ್ಟಿದ ವೇಗಿ ಡೇವಿಡ್ ಜಾನ್ಸನ್ ಟೆಸ್ಟ್ ಆಡಿದ್ದು 1996ರಲ್ಲಿ. ಇವರಿಬ್ಬರ ಕಾಲದಲ್ಲಿ ಆಟಗಾರನಿಗೆ ಸ್ಥಾನವಿತ್ತು, ದರಪಟ್ಟಿ ಇರಲಿಲ್ಲ.

ವಿದ್ವಾಂಸರು ಕೂಡಲೇ ಲೆಕ್ಕಕ್ಕೆ ಇಳಿದರು. ಅಹಮದಾಬಾದಿನ ಐಐಎಂನ ಸತೀಶ್ ದೇವಧರ್, ಸಿದ್ಧಾರ್ಥ ರಸ್ತೋಗಿ ಅವರೊಡನೆ ಸೇರಿ 2009ರ ಅಧ್ಯಯನದಲ್ಲಿ ಹರಾಜಿನ ಬೆಲೆಯನ್ನು ಬಿಡಿ ಗುಣಗಳಾಗಿ ಒಡೆದು ನೋಡಿದರು. ಹಲ್ಲಿಗೆಷ್ಟು, ಸುಳಿಗೆಷ್ಟು ಎಂದು ಕೇಳಿದ ಹಾಗೆ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನಲ್ಲಿದ್ದ ಗಣಿತಜ್ಞ ಶ್ರೀನಿವಾಸ ಭೋಗ್ಲೆ, ಪೂರ್ಣೇಂದು ಮಾಜಿ ಅವರ ಜೊತೆ ರೂಪಿಸಿದ ಸೂಚ್ಯಂಕ ಬೇರೆ ದಾರಿ ಹಿಡಿಯಿತು: ಬ್ಯಾಟಿಂಗು, ಬೌಲಿಂಗು, ಫೀಲ್ಡಿಂಗು ಎಲ್ಲವನ್ನೂ ರನ್ನಿಗೆ ಪರಿವರ್ತಿಸಿ ಕೂಡುವುದು. 2008ರಲ್ಲೇ ಹುಟ್ಟಿದ ಡ್ರೀಮ್11 ಎಂಬ ಫ್ಯಾಂಟಸಿ ಆಟದಲ್ಲಿ ಹರಾಜಿರಲಿಲ್ಲ. 100 ಕ್ರೆಡಿಟ್‌ಗಳಲ್ಲಿ 11 ಜನರನ್ನು ಹೊಂದಿಸಬೇಕಿತ್ತು, ಬೆಲೆ ಕಟ್ಟುತ್ತಿದ್ದವರು ಆಟ ನಡೆಸುವವರೇ. ಒಬ್ಬ ಆಟಗಾರ ಬೇಕೆಂದ ಎಲ್ಲರಿಗೂ ಸಿಗುತ್ತಿದ್ದುದರಿಂದ ಇಲ್ಲಿ ‘ಅವನು ಬೇರೆಯವರ ಪಾಲಾದ’ ಎಂಬ ಭಯವಿರಲಿಲ್ಲ. ಇದೇ ಹರಾಜಿಗೂ ಈ ಆಟಕ್ಕೂ ಇದ್ದ ಮೂಲ ವ್ಯತ್ಯಾಸ. ಹಣ ಕಟ್ಟಿ ಆಡುವ ಇಂಥ ಆಟಗಳನ್ನು ಕರ್ನಾಟಕ 2021ರಲ್ಲಿ ಕಾನೂನಿನಿಂದ ತಡೆಯಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ಕಾನೂನಿನ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆ ಬಂದು ಹಣದ ಸ್ಪರ್ಧೆಗಳು ನಿಂತವು.

ಗುಣ ಬೇರೆ, ಬೆಲೆ ಬೇರೆ ಎಂಬುದಕ್ಕೆ ಕರ್ನಾಟಕದ ಬ್ಯಾಟ್ಸ್‌ಮನ್ ದೇವದತ್ತ ಪಡಿಕ್ಕಲ್ ಅವರಿಗಿಂತ ಒಳ್ಳೆಯ ಉದಾಹರಣೆ ಬೇಡ. 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ಐಪಿಎಲ್ ಹರಾಜಿನಲ್ಲಿ ಮೊದಲ ಕೂಗಿಗೆ ಅವರನ್ನು ಯಾರೂ ಕೊಳ್ಳಲಿಲ್ಲ. ಹೆಸರು ಮತ್ತೆ ಬಂದಾಗ ಬೆಂಗಳೂರು 2 ಕೋಟಿ ರೂಪಾಯಿಗೆ ಕೊಂಡಿತು. ನಡುವೆ ಅವರು ಒಂದು ಚೆಂಡನ್ನೂ ಎದುರಿಸಿರಲಿಲ್ಲ. ಬದಲಾದದ್ದು ಸುತ್ತಲಿನ ಚೀಲಗಳು, ತಂಡಗಳಲ್ಲಿ ಉಳಿದಿದ್ದ ಖಾಲಿ ಜಾಗಗಳು.

ಊರ ಹರಾಜಿಗೆ ಒಂದು ಲೆಕ್ಕ

ಈ ಸೂತ್ರವನ್ನು ತಾಲ್ಲೂಕು ಮಟ್ಟದ ಪಂದ್ಯಾವಳಿಗೆ ಇಳಿಸಿ ನೋಡೋಣ. ಅಂಕಿಗಳು ಲೆಕ್ಕ ತೋರಿಸಲು ಊಹಿಸಿಕೊಂಡವು. 8 ತಂಡ, ತಲಾ 10,000 ಪಾಯಿಂಟ್ಸ್, ತಂಡಕ್ಕೆ 12 ಜನ, ಬೇಸ್ ಪ್ರೈಸ್ 200. ಒಟ್ಟು 80,000ದಲ್ಲಿ 96 ಜನರ ಬೇಸ್ ಪ್ರೈಸಿಗೆ 19,200 ಹೋಗಿ 60,800 ಉಳಿಯಿತು. ಬದಲಿಗರ ಮಟ್ಟದ ಮೇಲೆ ಎಲ್ಲರೂ ಸೇರಿ ತರುವ ಹೆಚ್ಚುವರಿ 1520 ರನ್ ಎಂದಿಟ್ಟುಕೊಂಡರೆ ಒಂದು ರನ್ನಿಗೆ 40 ಪಾಯಿಂಟ್ಸ್.

ಈಗ ಇಬ್ಬರನ್ನು ತೂಗಿ ನೋಡಿ. ಒಬ್ಬ ಬ್ಯಾಟ್ಸ್‌ಮನ್ 150 ರನ್ ಹೊಡೆಯುತ್ತಾನೆ. ಅವನ ಬದಲಿಗೆ ಬರುವವನು 105. ಹೆಚ್ಚುವರಿ 45, ಬೇಸ್ ಪ್ರೈಸ್ ಸೇರಿ ಬೆಲೆ 2000. ಇನ್ನೊಬ್ಬ ವಿಕೆಟ್ ಕೀಪರ್, ಹೊಡೆಯುವುದು 110 ರನ್ ಮಾತ್ರ. ಆದರೆ ಎಂಟು ತಂಡಕ್ಕೂ ಕೀಪರ್ ಬೇಕೇ ಬೇಕು, ಮಿಕ್ಕುವ ಒಂಬತ್ತನೇ ಕೀಪರ್ ಹೊಡೆಯುವುದು 50. ಹೆಚ್ಚುವರಿ 60, ಬೆಲೆ 2600. ಕಡಿಮೆ ರನ್ ಹೊಡೆದವನಿಗೆ ಹೆಚ್ಚು ಬೆಲೆ. ಸಭೆಯಲ್ಲಿ ಕೂತವರಿಗೆ ಇದು ಹುಚ್ಚುತನವಾಗಿ ಕಂಡರೂ ಒಂಟೆತ್ತಿಗೆ ಜೊತೆ ಹುಡುಕಿದವನಿಗೆ ಕಾಣುವುದಿಲ್ಲ.

ಇನ್ನೊಂದು ಲೆಕ್ಕವನ್ನು ತಂಡದ ಮಾಲೀಕ ಅಂಗೈಯಲ್ಲಿ ಬರೆದುಕೊಂಡಿರಬೇಕು. ಮೊದಲ ಆಟಗಾರನಿಗೆ ಅವನು ಕೂಗಬಹುದಾದ ಗರಿಷ್ಠ ಬೆಲೆ 7800. ಉಳಿದ 11 ಜನರಿಗೆ 2200 ಮೀಸಲಿಡಬೇಕು. ತಮ್ಮೂರ ಹುಡುಗನೆಂಬ ಅಭಿಮಾನಕ್ಕೆ ಮೊದಲ ಅರ್ಧ ಗಂಟೆಯಲ್ಲೇ ಚೀಲ ಬರಿದಾದರೆ, ಕೊನೆಗೆ ಬರುವ ಒಳ್ಳೆಯ ಆಲ್‌ರೌಂಡರ್ ಬೇಸ್ ಪ್ರೈಸಿಗೆ ಎದುರಾಳಿಯ ಪಾಲಾಗುತ್ತಾನೆ. ಆರಂಭದ ಪ್ರತಿ ದುಬಾರಿ ಕೂಗೂ ಕೊನೆಯವರ ಬೆಲೆಯನ್ನು ಇಳಿಸುತ್ತದೆ.

ಉಪಸಂಹಾರ

ನ್ಯೂಯಾರ್ಕಿನ ಆಟದಲ್ಲಿ ತನ್ನ ಬೆಲೆ ಎಷ್ಟೆಂದು ಆಟಗಾರನಿಗೇ ಗೊತ್ತಿರಲಿಲ್ಲ. ಐಪಿಎಲ್‌ನಲ್ಲಿ ಅವನು ಅದನ್ನು ಟಿವಿಯಲ್ಲಿ ನೋಡುತ್ತಾನೆ. ಊರ ಹರಾಜಿನಲ್ಲಿ ಅವನು ಅದೇ ಹಾಲ್‌ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಾನೆ. ಪಕ್ಕದಲ್ಲಿ ಅಣ್ಣ ಇರುತ್ತಾನೆ, ಹಿಂದೆ ಮಾವನ ಮಗ. ಎತ್ತಿಗೆ ಟವೆಲಿನ ಮರೆಯಾದರೂ ಇತ್ತು, ಈ ಹುಡುಗನಿಗೆ ಅದೂ ಇಲ್ಲ. ಅದಕ್ಕೇ ಕೆಲವೆಡೆ ಅನ್‌ಸೋಲ್ಡ್ ಆದವರನ್ನು ಚೀಟಿ ಎತ್ತಿ ತಂಡಗಳಿಗೆ ಹಂಚುವುದುಂಟು.

ಆ ಚೀಟಿಗೆ ಕರುಣೆಯಷ್ಟೇ ಅಲ್ಲ, ಗಣಿತದ ಸಮರ್ಥನೆಯೂ ಇದೆ. 2600ಕ್ಕೆ ಹೋದ ಕೀಪರನ ಬೆಲೆಯನ್ನು ನಾವು ಎಣಿಸಲು ಹೊರಟದ್ದು ಯಾರೂ ಕೂಗದ ಆ ಒಂಬತ್ತನೇ ಕೀಪರನಿಂದ. ಅವನ 50 ರನ್ ಗೊತ್ತಿಲ್ಲದಿದ್ದರೆ ಉಳಿದ ಎಂಟು ಜನರಲ್ಲಿ ಒಬ್ಬನಿಗೂ ಬೆಲೆ ಕಟ್ಟಲಾಗದು.