ಸಿಹಿಗುಂಬಳದ ಬೀಜ: ಮನೆಯಲ್ಲಿ ಹುರಿಯುವ ವಿಧಾನ ಮತ್ತು ಮುನ್ನೆಚ್ಚರಿಕೆಗಳು

ಹಾನಗಲ್ಲ ತಾಲ್ಲೂಕಿನ ಆಡೂರು ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಸಿಹಿಗುಂಬಳವನ್ನು ಹಿತ್ತಲಿನಲ್ಲಿಯೂ ಹೊಲದ ಬದುಗಳ ಮೇಲೂ ಬೆಳೆಯುವ ರೂಢಿಯಿದೆ. ಕಾಯಿಯನ್ನು ಪಲ್ಯ, ಕಡುಬುಗಳಿಗೆ ಬಳಸಿ ಬೀಜವನ್ನು ತಿಪ್ಪೆಗೆ ಹಾಕುವುದುಂಟು. ಸಿಪ್ಪೆ ತೆಗೆದ 100 ಗ್ರಾಂ ಒಣ ಬೀಜದಲ್ಲಿ ಸುಮಾರು 30 ಗ್ರಾಂ ಪ್ರೋಟೀನು ಮತ್ತು 49 ಗ್ರಾಂ ಕೊಬ್ಬು ಇದ್ದು, ಮೆಗ್ನೀಷಿಯಂ, ಸತು ಹಾಗೂ ಕಬ್ಬಿಣದ ಅಂಶಗಳೂ ಉತ್ತಮ ಪ್ರಮಾಣದಲ್ಲಿವೆ. ಆದರೆ ಎಲ್ಲ ಬೀಜವೂ ತಿನ್ನಲು ಯೋಗ್ಯವಲ್ಲ. ಆದ್ದರಿಂದ ಹುರಿಯುವ ಮುನ್ನ ಬೀಜದ ಆಯ್ಕೆ ಮುಖ್ಯ.

ಯಾವ ಬೀಜವನ್ನು ಹುರಿಯಬಾರದು?

1. ಬಿತ್ತನೆಗೆಂದು ಅಂಗಡಿಯಿಂದ ತಂದ ಬೀಜ. ಇದಕ್ಕೆ ಥೈರಾಂ, ಕ್ಯಾಪ್ಟಾನ್ ಮುಂತಾದ ಔಷಧಿಗಳಿಂದ ಬೀಜೋಪಚಾರ ಮಾಡಿರುತ್ತಾರೆ. ಸಾಮಾನ್ಯವಾಗಿ ಕೆಂಪು, ನೀಲಿ ಅಥವಾ ಹಸಿರು ಬಣ್ಣವನ್ನೂ ಲೇಪಿಸಿರುತ್ತಾರೆ. ತೊಳೆದರೂ ಹುರಿದರೂ ಇದು ಸುರಕ್ಷಿತವಾಗುವುದಿಲ್ಲ. ಬಿತ್ತಿ ಉಳಿದ ಬೀಜವನ್ನು ಅಡುಗೆಮನೆಯಲ್ಲಿ ಇಡಕೂಡದು.

2. ಕಹಿಯಾದ ಕಾಯಿಯ ಬೀಜ. ಕಹಿಗೆ ಕಾರಣವಾದ ಕುಕುರ್ಬಿಟಾಸಿನ್ ಎಂಬ ವಿಷಾಂಶವು ಶಾಖಕ್ಕೆ ನಾಶವಾಗುವುದಿಲ್ಲ, ವಾಂತಿಭೇದಿ ಉಂಟುಮಾಡುತ್ತದೆ.

3. ಬೂಷ್ಟು ಹಿಡಿದ ಬೀಜ. ಇದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ಹುರಿಯುವುದರಿಂದ ಪೂರ್ಣ ಹೋಗುವುದಿಲ್ಲ.

ಬಿತ್ತನೆಗೆ ಮೊದಲು ತೆಗೆದಿಡಿ

ಅರ್ಕಾ ಚಂದನ್, ಅರ್ಕಾ ಸೂರ್ಯಮುಖಿ ಮುಂತಾದ ತಳಿಗಳಿಂದ ಅಥವಾ ಊರ ತಳಿಯಿಂದ ಬೀಜ ಉಳಿಸಿಕೊಳ್ಳುವವರು ಪೂರ್ಣ ಬಲಿತ ಕಾಯಿಯ ದಪ್ಪ ಬೀಜಗಳನ್ನು ಮೊದಲೇ ಪ್ರತ್ಯೇಕಿಸಿ ನೆರಳಿನಲ್ಲಿ ಒಣಗಿಸಬೇಕು. ಸಿಹಿಗುಂಬಳದಲ್ಲಿ ಪರಾಗಸ್ಪರ್ಶವು ಜೇನ್ನೊಣಗಳಿಂದ ಆಗುವುದರಿಂದ, ಬೇರೆ ತಳಿ ಸಮೀಪದಲ್ಲಿದ್ದರೆ ಬೀಜ ಬೆರಕೆಯಾಗುತ್ತದೆ. ಸಂಕರಣ ತಳಿಯ ಬೀಜವನ್ನು ಮರುಬಿತ್ತನೆಗೆ ಇಡುವುದು ಸೂಕ್ತವಲ್ಲ. ಅದನ್ನು ತಿನ್ನಲು ಬಳಸಬಹುದು. ಹುರಿದ ಬೀಜ ಮೊಳೆಯುವುದಿಲ್ಲ.

ಹುರಿಯುವ ವಿಧಾನ

* ತೊಟ್ಟು ಒಣಗಿ, ಉಗುರು ನಾಟದಷ್ಟು ಸಿಪ್ಪೆ ಗಟ್ಟಿಯಾದ ಕಾಯಿಯನ್ನು ಆರಿಸಿ. ಎಳೆಯ ಕಾಯಿಯ ಬೀಜ ಜೊಳ್ಳಾಗಿರುತ್ತದೆ.
* ಬೀಜವನ್ನು ನೀರಿನಲ್ಲಿ ಉಜ್ಜಿ, ಅಂಟಿದ ನಾರನ್ನು ಬೇರ್ಪಡಿಸಿ, ಜೊಳ್ಳನ್ನು ತೆಗೆಯಿರಿ.
* ಬಟ್ಟೆಯ ಮೇಲೆ ತೆಳುವಾಗಿ ಹರಡಿ 2 ರಿಂದ 3 ದಿನ ಒಣಗಿಸಿ. ಬಗ್ಗಿಸಿದಾಗ ಬೀಜ ಬಾಗದೆ ಮುರಿಯಬೇಕು. ಹಸಿ ಬೀಜ ಹೊರಗೆ ಸುಟ್ಟು ಒಳಗೆ ಮೆತ್ತಗೆ ಉಳಿಯುತ್ತದೆ.
* ದಪ್ಪ ತಳದ ಬಾಣಲೆಯಲ್ಲಿ ಒಂದೇ ಪದರವಾಗುವಷ್ಟು ಬೀಜ ಹಾಕಿ, ಸಣ್ಣ ಉರಿಯಲ್ಲಿ 8 ರಿಂದ 12 ನಿಮಿಷ ಕೈಬಿಡದೆ ಆಡಿಸಿ. ಬೀಜ ಚಟಪಟ ಸಿಡಿದು ಹೊಂಬಣ್ಣಕ್ಕೆ ತಿರುಗಿದಾಗ ಇಳಿಸಿ.
* 100 ಗ್ರಾಂ ಬೀಜಕ್ಕೆ ಅರ್ಧ ಚಮಚ ಉಪ್ಪನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಚಿಮುಕಿಸಿ, ಮತ್ತೆ 1 ನಿಮಿಷ ಆಡಿಸಿ. ಕೂಡಲೇ ಅಗಲವಾದ ತಟ್ಟೆಗೆ ಹರಡಿ.

ಸಂಗ್ರಹಣೆ ಮತ್ತು ಬಳಕೆ

ಪೂರ್ಣ ಆರಿದ ನಂತರವೇ ಗಾಳಿಯಾಡದ ಡಬ್ಬಿಗೆ ತುಂಬಿ. ಎಣ್ಣೆಯಂಶ ಹೆಚ್ಚಿರುವುದರಿಂದ ಬೇಗ ಕಮಟು ವಾಸನೆ ಬರುತ್ತದೆ. 2 ರಿಂದ 3 ವಾರಗಳಿಗೆ ಬೇಕಾದಷ್ಟನ್ನೇ ಹುರಿದುಕೊಳ್ಳಿ. ಶೇಂಗಾ, ಗುರೆಳ್ಳು, ಅಗಸೆ ಚಟ್ನಿಪುಡಿಯಂತೆಯೇ ಸಿಪ್ಪೆ ತೆಗೆದ ಬೀಜದಿಂದಲೂ ಚಟ್ನಿಪುಡಿ ಮಾಡಬಹುದು. ಗಂಟಲಿಗೆ ಸಿಕ್ಕುವ ಅಪಾಯವಿರುವುದರಿಂದ 5 ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡದೆ ಪುಡಿಯ ರೂಪದಲ್ಲಿ ಕೊಡಿ.

ಹೆಚ್ಚಿನ ಮಾಹಿತಿಗಾಗಿ ಹಾವೇರಿ ಜಿಲ್ಲೆಯ ರೈತ ಬಾಂಧವರು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.