ಕಾಶಿಯಿಂದ ಬಂದ ಲಿಂಗ

ಕೊಡಗನ್ನು ಎರಡು ಶತಮಾನಗಳಿಗೂ ಮಿಕ್ಕು ಆಳಿದವರು ಹಾಲೇರಿಯ ಅರಸರು. ಆ ಮನೆತನದ ಮುದ್ದುರಾಜ 1681ರಲ್ಲಿ ಬೆಟ್ಟದ ನೆತ್ತಿಯ ಮೇಲೆ ಕೋಟೆ ಕಟ್ಟಿಸಿದ. ಅವನ ಹೆಸರಿನ ಮುದ್ದುರಾಜನ ಕೇರಿಯೇ ಜನರ ಬಾಯಲ್ಲಿ ಮಡಿಕೇರಿಯಾಯಿತು.

ಈ ವಂಶದ ಕೀರ್ತಿ ತುದಿಗೇರಿದ್ದು ದೊಡ್ಡವೀರರಾಜೇಂದ್ರನ ಕಾಲದಲ್ಲಿ. ಟಿಪ್ಪುವಿನ ಸೆರೆಯಾಳಾಗಿ ಪಿರಿಯಾಪಟ್ಟಣದಲ್ಲಿದ್ದ ಆತ 1788ರಲ್ಲಿ ತಪ್ಪಿಸಿಕೊಂಡು ಬಂದು ನಾಡನ್ನು ಮರಳಿ ಗೆದ್ದ. ತಡಿಯಂಡಮೋಳ್ ಬೆಟ್ಟದ ಅಡಿಯಲ್ಲಿ ನಾಲ್ಕುನಾಡು ಅರಮನೆ ಕಟ್ಟಿಸಿದ, 1796ರಲ್ಲಿ ಅಲ್ಲಿಯೇ ಮಹದೇವಮ್ಮಾಜಿಯ ಕೈಹಿಡಿದ. ತನ್ನ ವಂಶದ ಚರಿತ್ರೆಯನ್ನು ‘ರಾಜೇಂದ್ರನಾಮೆ’ ಎಂಬ ಹೆಸರಿನಲ್ಲಿ ಬರೆಯಿಸಿದ. ಗೆದ್ದವನಿಗೆ ಗಂಡುಸಂತಾನವೊಂದು ಒದಗಿಬರಲಿಲ್ಲ. 1807ರಲ್ಲಿ ರಾಣಿ ತೀರಿಕೊಂಡಳು. ದುಃಖ, ಶಂಕೆಗಳು ರಾಜನ ಬುದ್ಧಿಯನ್ನು ಕದಡಿದವು. ಮಗಳು ದೇವಮ್ಮಾಜಿಗೇ ಪಟ್ಟ ಸಲ್ಲಬೇಕೆಂದು ಇಂಗ್ಲಿಷರ ಈಸ್ಟ್ ಇಂಡಿಯಾ ಕುಂಪಣಿಯವರನ್ನು ಕೇಳಿಕೊಂಡು 1809ರಲ್ಲಿ ಆತ ಕಣ್ಮುಚ್ಚಿದ.

ಬಾಲಕಿ ರಾಣಿಯಾದಳು. ಆದರೆ ಚಿಕ್ಕಪ್ಪ ಲಿಂಗರಾಜ ಆಡಳಿತದ ಸೂತ್ರಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡು, 1811ರಲ್ಲಿ ತಾನೇ ಗದ್ದುಗೆಯೇರಿದ. ಸತ್ತ ಅಣ್ಣನ ಮಾತು ಅಣ್ಣನೊಡನೆಯೇ ಮಣ್ಣಾಯಿತು.

ಆದರೆ ಕೊಡಗಿನಲ್ಲಿ ಸತ್ತವರು ಮನೆಬಿಟ್ಟು ಹೋಗುವುದಿಲ್ಲ. ಕೊಡವರ ಒಕ್ಕಗಳಲ್ಲಿ, ಎಂದರೆ ಮನೆತನಗಳಲ್ಲಿ, ಹಿರಿಯರ ಗುಡಿಯಾದ ಕೈಮಡವಿದೆ. ಒಕ್ಕದ ಮೂಲಪುರುಷನಾದ ಗುರುಕಾರೋಣನಿಗೆ ಮೀದಿಯೆಂಬ ಎಡೆಯಿಟ್ಟು ಆಶೀರ್ವಾದ ಬೇಡುವ ನಾಡು ಅದು. ಸಂತೃಪ್ತರಾದ ಹಿರಿಯರು ಕಾಯುತ್ತಾರೆಂದು ನಂಬುವವರಿಗೆ, ಅನ್ಯಾಯವಾಗಿ ಸತ್ತವರು ಕಾಡುತ್ತಾರೆಂಬುದೂ ಅಷ್ಟೇ ದಿಟ. ಲಿಂಗರಾಜನ ಕುರಿತು ಉಳಿದುಬಂದ ಐತಿಹ್ಯದ ಬೇರು ಈ ನಂಬಿಕೆಯಲ್ಲಿದೆ. ಅರಸ ಸಾಧುವಾದ ಬ್ರಾಹ್ಮಣನೊಬ್ಬನನ್ನು ಕೊಲ್ಲಿಸಿದನಂತೆ. ಸತ್ತವನು ಬ್ರಹ್ಮರಾಕ್ಷಸನಾಗಿ ಇರುಳಿರುಳೂ ಅರಸನನ್ನು ಕಾಡಿದನಂತೆ. ಕೋಟೆಯ ಕಾವಲಾಗಲಿ, ಕುಂಪಣಿಯ ಸ್ನೇಹವಾಗಲಿ ಅವನನ್ನು ತಡೆಯಲಿಲ್ಲ. ಕಡೆಗೆ ತಿಳಿದವರ ಮಾತಿನಂತೆ ಅರಸ ಕಾಶಿಯಿಂದ ಲಿಂಗ ತರಿಸಿ, 1820ರಲ್ಲಿ ಓಂಕಾರೇಶ್ವರನ ಗುಡಿ ಕಟ್ಟಿಸಿದ.

ಇಂದಿಗೂ ಆ ಗುಡಿಯ ಮುಂದೆ ನಿಂತವರ ಕಣ್ಣು ಒಮ್ಮೆ ತಡೆಯುತ್ತದೆ. ನಡುವೆ ದುಂಡನೆಯ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಮಿನಾರು. ದರ್ಗೆಯ ಮೈಯೊಳಗೆ ಶಿವನ ಉಸಿರು. ಎದುರಿಗೆ ಚೌಕನೆಯ ಕೊಳ, ಅದರ ನಡುವಿನ ಮಂಟಪಕ್ಕೆ ಕಿರಿದಾದ ಕಾಲುಹಾದಿ. ಮೆಟ್ಟಿಲಿಗೆ ಬಂದವರ ನೆರಳು ಬಿದ್ದೊಡನೆ ಮೀನುಗಳು ಹಿಂಡುಗಟ್ಟಿ ಮೇಲೇಳುತ್ತವೆ. ಆಸ್ಥಾನ ಬರೆಯಿಸಿದ ಚರಿತ್ರೆ ರಾಜೇಂದ್ರನಾಮೆಯಾದರೆ, ಪ್ರಜೆಗಳು ಬರೆದ ಚರಿತ್ರೆ ಈ ಗುಡಿಯ ಕಥೆ. ಅರಸನನ್ನು ವಿಚಾರಿಸುವ ನ್ಯಾಯಸ್ಥಾನ ಭೂಮಿಯ ಮೇಲಿಲ್ಲದಿದ್ದಾಗ, ಜನ ಆ ಅಧಿಕಾರವನ್ನು ಸತ್ತವನ ಕೈಗೆ ಕೊಟ್ಟರು.

ಗುಡಿ ಎದ್ದ ವರ್ಷವೇ ಲಿಂಗರಾಜ ತೀರಿಕೊಂಡ. ಪಟ್ಟಕ್ಕೆ ಬಂದ ಮಗ ಚಿಕ್ಕವೀರರಾಜೇಂದ್ರ ತಂದೆಯ ಭಯದಿಂದ ಪಾಠ ಕಲಿಯಲಿಲ್ಲ. ಪಟ್ಟದ ಹಕ್ಕಿದ್ದ ನೆಂಟರೆಲ್ಲ ಅವನ ಕಣ್ಣಿಗೆ ವೈರಿಗಳಾದರು. ರಾಣಿಯಾಗಿದ್ದ ದೇವಮ್ಮಾಜಿಯೂ ಕೊಲೆಗೆ ಬಲಿಯಾದಳು. ಅದೇ ಹೆಸರಿನ ಅವನ ಒಡಹುಟ್ಟಿದ ತಂಗಿ, ಗಂಡ ಚೆನ್ನಬಸವಪ್ಪನೊಡನೆ 1832ರಲ್ಲಿ ಗಡಿ ದಾಟಿ ಮೈಸೂರಿಗೆ ಓಡಿ ಇಂಗ್ಲಿಷರ ಮರೆಹೊಕ್ಕಳು. ಕುಂಪಣಿಗೆ ಬೇಕಾದ ನೆಪ ಅರಮನೆಯೊಳಗಿಂದಲೇ ಸಿಕ್ಕಿತು. 1834ರ ಏಪ್ರಿಲಿನಲ್ಲಿ ಅದರ ಸೇನೆ ಮಡಿಕೇರಿ ಹೊಕ್ಕಿತು. ಹಾಲೇರಿಯ ಆಳ್ವಿಕೆ ಮುಗಿಯಿತು.

ಪದಚ್ಯುತನಾದ ಅರಸನನ್ನು ಕುಂಪಣಿಯವರು ಕಳಿಸಿದ್ದು ಕಾಶಿಗೆ. ತಂದೆ ಪಾಪಶಾಂತಿಗೆಂದು ಲಿಂಗ ತರಿಸಿದ ಕ್ಷೇತ್ರಕ್ಕೆ ಮಗ ಸೆರೆಯಾಗಿ ಹೋದ. ಅಲ್ಲಿಂದ ಮಗಳು ಗೌರಮ್ಮನೊಡನೆ 1852ರಲ್ಲಿ ಇಂಗ್ಲೆಂಡಿಗೆ ತೆರಳಿ, 1859ರಲ್ಲಿ ಲಂಡನ್ನಿನಲ್ಲಿ ಪ್ರಾಣಬಿಟ್ಟ. ಹಾಲೇರಿಯ ಹಿರಿಯರು ಮಲಗಿರುವ ಮಡಿಕೇರಿಯ ಗದ್ದಿಗೆಗೆ ಅವನು ಮರಳಲೇ ಇಲ್ಲ. ಕಾಶಿಯ ಲಿಂಗಕ್ಕೆ ಮಾತ್ರ ಮಡಿಕೇರಿಯಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ.